ಹೇಳಿದ್ದು, ತಲುಪಿದ್ದು

ಕಂಪ್ಲಿ
ಭಾನುವಾರ, ೮ ಮಾರ್ಚ್ ೨೦೨೬

ಶ್ರೀಪತಿ ಅವರಿಗೆ,

ಹೆಸರಿನ ಹಿಂದೆ ಏನಾದರೂ ಸೇರಿಸಬೇಕು ಎಂದು ಅರ್ಧ ಗಂಟೆ ಪೆನ್ನು ಹಿಡಿದು ಕುಳಿತಿದ್ದೆ. 'ಪ್ರೀತಿಯ' ಎಂದು ಬರೆದು ಆ ಹಾಳೆಯನ್ನು ಹರಿದೆ. 'ಮಾನ್ಯರೇ' ಎಂದರೆ ವಕೀಲರ ನೋಟಿಸಿನಂತಾಗುತ್ತದೆ. ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ ಬರೀ ಹೆಸರು ಬರೆದದ್ದು ಒರಟು ಎನ್ನಿಸಿದರೆ ಸಹಿಸಿಕೊಳ್ಳಿ. ಈ ಪತ್ರದಲ್ಲಿ ಬೇರೆ ಯಾರೂ ಸಕ್ಕರೆ ಬೆರೆಸಿಲ್ಲ ಎಂಬುದಕ್ಕೆ ಅದೊಂದು ಗುರುತು.

ನನ್ನದು ಕಾನ್ವೆಂಟಿನ ಕನ್ನಡ. ನಿಶ್ಚಿತಾರ್ಥದ ನಂತರ ನಾನು ಇಂಗ್ಲಿಷಿನಲ್ಲಿ ಬರೆದ ಮೊದಲ ಪತ್ರವನ್ನು ನೀವು ಗೆಳೆಯರಿಗೆಲ್ಲ ತೋರಿಸಿ, 'ಹೆಡ್ಮಾಸ್ತರಿಗೆ ರಜಾ ಅರ್ಜಿ ಬರದಂಗ ಬರದಾಳ ನೋಡ್ರಿ' ಎಂದು ನಕ್ಕಿದ್ದಿರಿ. ಈಗಲೂ ತಪ್ಪು ಕಂಡರೆ ನಗಿ. ಆದರೆ ಇದನ್ನು ನಮ್ಮ ಲಾಡ್ಜಿನ ಆ ಯಂತ್ರದ, ಗೊಂಬಿಯ, ಮುಖದ ಮುಂದೆ ಹಿಡಿಯಬೇಡಿ, ಅದು ಓದಿ ತನ್ನ ಸಾರಾಂಶ ಹೇಳುತ್ತದೆ. ನಿಮ್ಮ ಕನ್ನಡಕ ಕೌಂಟರಿನ ಎರಡನೇ ಡ್ರಾಯರಿನಲ್ಲಿದೆ. ಹಾಕಿಕೊಂಡು ನೀವೇ ಓದಿ.

ಗುರುವಾರ ಬೆಳಿಗ್ಗೆ ಹೇಳದೆ ಹೊರಟು ಬಂದೆ. ನಮ್ಮ ರಾಧಾಬಾಯಿ ಅತ್ತೆಯ ಮನೆಯಲ್ಲಿದ್ದೇನೆ. ನಾನೆಲ್ಲಿ ಎಂದು ನೀವು ಗೊಂಬಿಯನ್ನು ಕೇಳಿರಬಹುದು. 'ಅಮ್ಮನವರು ಶೀಘ್ರದಲ್ಲೇ ಮರಳಲಿದ್ದಾರೆ' ಎಂದು ಅದು ಹೇಳಿರಲೂಬಹುದು. ಹಾಗೆಂದು ನಾನು ಅದಕ್ಕೆ ಹೇಳಿಲ್ಲ.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ. ಆದರೂ ನನ್ನ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಒಮ್ಮೆ ತಿಳಿದಿರಲಿ.

ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಬಳ್ಳಾರಿಯಿಂದ ನನ್ನ ಅಪ್ಪ ಲಾಡ್ಜಿನ ಫೋನಿಗೆ ಕರೆ ಮಾಡಿದರು. ನನ್ನ ಮೊಬೈಲಿಗೆ ಲೈನು ಸಿಕ್ಕಿರಲಿಲ್ಲ. 'ಪ್ರಿಯಾಗ ಒಂದ್ಸಲ ಬಂದು ಹೋಗು ಅಂತ ಹೇಳಪ್ಪ' ಎಂದರು. ಆ ಹೊತ್ತಿಗೆ ಹಂಪಿ ನೋಡಲು ಬಂದ ಎರಡು ಬಸ್ಸಿನ ಜನ ಕೌಂಟರಿನ ಮುಂದೆ ನಿಂತಿದ್ದರು. ನೀವು ಮರೆತಿರಿ. ಮೂರನೇ ದಿನ ಅಪ್ಪ ಹೋದರು. ಕರೆ ಬಂದಿತ್ತು ಎಂದು ವೈಕುಂಠ ಸಮಾರಾಧನೆ ಮುಗಿಸಿ ಹೊಸಪೇಟೆಗೆ ಮರಳಿದ ದಿನ ನೀವೇ ಬಾಯಿಬಿಟ್ಟಿರಿ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಗೆಸ್ಟುಗಳ ಮುಂದೆ, ಕೋಣೆ ಗುಡಿಸುವ ಎರ್ರೆಮ್ಮನ ಮುಂದೆ, ನಿಮ್ಮನ್ನು ಕೊಲೆಗಾರ ಎಂದು ಕರೆದೆ. 'ಅರ್ಜೆಂಟ್ ಅದ ಅಂತ ಅವರು ಅನ್ನಲಿಲ್ಲ' ಎಂದಿರಿ. ನಮ್ಮ ನಡುವೆ ನೇರವಾಗಿ ಆಡಿದ ಕೊನೆಯ ಮಾತು ಅದು. ಯಾರು ಮೊದಲು ಮಾತು ಬಿಟ್ಟರು ಎಂಬುದರಲ್ಲಿ ನಿಮ್ಮ ನೆನಪು ಬೇರೆ, ನನ್ನ ನೆನಪು ಬೇರೆ.

ಲಾಡ್ಜು ಇಬ್ಬರದೂ ಆದ್ದರಿಂದ ಯಾರೂ ಬಿಟ್ಟುಹೋಗಲಿಲ್ಲ. ಕೆಳಗಿನ ಕೋಣೆ ನಿಮಗೆ, ಮೂರನೇ ಮಹಡಿ ನನಗೆ. ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಕೌಂಟರಿನಲ್ಲಿ ನೀವು, ಎರಡರ ನಂತರ ನಾನು. ನಡುವೆ ಹೇಳಿ ಕಳಿಸಲು ನಮಗೊಂದು ಮಗುವೂ ಇರಲಿಲ್ಲ. ಹಾಗಾಗಿ ಆ ಕೆಲಸ ಎರ್ರೆಮ್ಮನ ತಲೆಗೆ ಬಂತು. ಅವಳೆಂಥ ದೂತೆ ಎಂದು ನಿಮಗೆ ಗೊತ್ತು. 'ಅಮ್ಮಾರ, ಇನ್ನೂರಾ ಮೂರರ ಚಾವಿ ಎಲ್ಲಿಟ್ಟೀರಿ ಅಂತ ಸಾಹೇಬ್ರು ಕೇಳ್ಯಾರ. ಕೇಳುವಾಗ ಮುಖ ಹಿಂಗ ಮಾಡಿದ್ರು ನೋಡ್ರಿ' ಎಂದು ನಿಮ್ಮ ಮೂಗು, ಹುಬ್ಬು ಎಲ್ಲವನ್ನೂ ತೋರಿಸುತ್ತಿದ್ದಳು. ಎರಡೂವರೆ ವರ್ಷ ಹೀಗೆ ನಡೆಸಿ ಕಳೆದ ಶ್ರಾವಣದಲ್ಲಿ ಪೊರಕೆ ಕೆಳಗಿಟ್ಟು ಕೈಮುಗಿದಳು. 'ನಾ ಒಲ್ಲೆನ್ರಿ ತಾಯಿ. ಇಬ್ರ ಬೈಗಳೂ ನನ್ನ ಬಾಯಾಗ ತುಂಬ್ಯಾವು. ಮಲಪನಗುಡಿ ಮನಿಗೆ ಹೋಗಿ ಮಲಗಿದ್ರ ನಿದ್ದ್ಯಾಗ ನನ್ನ ಗಂಡಗ ಬೈತೀನಂತ. ಆತ ಅಂತಾನ, ಲೇ, ನಾ ಯಾವಾಗ ಲಾಡ್ಜಿನ ಗೀಜರ್ ಕೆಡಿಸಿದ್ನೆಲೇ ಅಂತ!' ನನಗೆ ನಗು ಬಂತು. ನಿಮಗೂ ಹೇಳಿದ್ದಾಳಂತೆ, ನೀವೂ ನಕ್ಕಿರಂತೆ. ಬೇರೆ ಬೇರೆ ಮಹಡಿಗಳಲ್ಲಿ ನಕ್ಕೆವು.

ಸೆಪ್ಟೆಂಬರಿನಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕಿದೆವು. 'ಒಂದೇ ಸೂರಿನ ಕೆಳಗ ಇದ್ದ್ರೂ ಮಾತಿಲ್ಲ ಕತಿಯಿಲ್ಲ ಅಂದ್ರ ಬ್ಯಾರೆ ಇದ್ದಂಗರೀ' ಎಂದರು ವಕೀಲರು. ಆರು ತಿಂಗಳ ಕಾಲಾವಕಾಶ. ಮಾರ್ಚ್ ಹದಿನಾರಕ್ಕೆ ಇಬ್ಬರೂ ನ್ಯಾಯಾಧೀಶರ ಮುಂದೆ ನಿಂತು ನಮ್ಮ ಬಾಯಿಂದಲೇ ಹೌದು ಎನ್ನಬೇಕು. ಇನ್ನು ಎಂಟು ದಿನ.

ದಸರೆಯ ಹೊತ್ತಿಗೆ ನೀವು ಗೊಂಬಿಯನ್ನು ತರಿಸಿದಿರಿ. ಸೊಂಟದೆತ್ತರ, ಕೆಳಗೆ ಚಕ್ರ, ಮುಖದ ಜಾಗದಲ್ಲಿ ಎರಡು ನೀಲಿ ಕಣ್ಣು ಮಿಟುಕಿಸುವ ಪರದೆ. ಹೊರಗಿನಿಂದ ಬರುವವರಿಗೆ ಅವರವರ ಭಾಷೆಯಲ್ಲಿ ಉತ್ತರ ಹೇಳಲಿ, ಅವರ ದೂರು ನಮ್ಮವರಿಗೆ, ನಮ್ಮವರ ಉತ್ತರ ಅವರಿಗೆ ಮುಟ್ಟಿಸಲಿ ಎಂದು. ಕಂಪನಿ ಇಟ್ಟ ಹೆಸರು ಏನೋ ಇತ್ತು. 'ನಮ್ಮ ಬಾಯಾಗ ಅದು ಹೊಳ್ಳಂಗಿಲ್ರಿ' ಎಂದು ಎರ್ರೆಮ್ಮ ಗೊಂಬಿ ಎಂದಳು, ಅದೇ ಉಳಿಯಿತು. ಮೊದಲ ದಿನದಿಂದಲೇ ನನಗೆ ಅದರ ಮೇಲೆ ಅನುಮಾನ. ನಾನು ಫೋನಿನಲ್ಲಿ ಮಾತಾಡುವಾಗ ಅದು ನನ್ನ ಕಡೆ ತಿರುಗುತ್ತಿತ್ತು. ನನ್ನ ಮಾತನ್ನೆಲ್ಲ ಕೂಡಿಟ್ಟು ಕೋರ್ಟಿನಲ್ಲಿ ಹಾಜರುಪಡಿಸಲು ನೀವೇ ತಂದಿಟ್ಟದ್ದು ಎಂದುಕೊಂಡೆ. ಒಂದು ವಾರ ಅದರ ತಲೆಯ ಮೇಲೆ ಟವೆಲು ಹೊದಿಸಿ ಕೆಲಸ ಮಾಡಿದೆ. ಟವೆಲಿನ ಒಳಗಿನಿಂದಲೇ ಅದು, 'ನಮಸ್ಕಾರ, ತಮಗೆ ಏನು ಸಹಾಯ ಬೇಕು?' ಎನ್ನುತ್ತಿತ್ತು.

ಒಂದು ಮಧ್ಯಾಹ್ನ ನಾನು ಎರಡಕ್ಕೆ ಇಳಿದು ಬಂದಾಗ ಅದು ತಾನಾಗಿಯೇ ಹೇಳಿತು: 'ಸಾಹೇಬರ ಸಂದೇಶವಿದೆ. ನೂರಾ ಎರಡನೇ ಕೋಣೆಯ ಫ್ಯಾನು ದುರಸ್ತಿಯಾಗಿದೆ.' ಓಹೋ, ಹೊಸ ಎರ್ರೆಮ್ಮ ಸಿಕ್ಕಳು ಎಂದುಕೊಂಡೆ. ನಾನೂ ಹೇಳಿ ಕಳಿಸಿದೆ. ಅಲ್ಲಿಂದ ಶುರು.

ಕಾರ್ತಿಕದಲ್ಲಿ ಒಂದು ದಿನ ಅದು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. 'ಮೂರನೇ ಮಹಡಿಯ ಗೀಜರ್ ಬಗ್ಗೆ ಸಾಹೇಬರು ಕಾಳಜಿ ವ್ಯಕ್ತಪಡಿಸಿದ್ದಾರೆ. ನಿಮ್ಮ ತಂದೆಯವರನ್ನೂ ನೆನಪಿಸಿಕೊಂಡರು.'

ಕೌಂಟರಿನ ಹಿಂದೆ ಕೂತುಬಿಟ್ಟೆ. ಮೂರು ವರ್ಷ ನಿಮ್ಮ ಬಾಯಲ್ಲಿ ನನ್ನ ಅಪ್ಪನ ಹೆಸರು ಬರಲಿ ಎಂದು ಕಾದಿದ್ದೆ. ಕ್ಷಮೆ ಬೇಕಿರಲಿಲ್ಲ. ಅವರು ಇದ್ದರು, ಕರೆದರು, ಅದು ನಿಮಗೂ ನೆನಪಿದೆ ಎಂಬುದಷ್ಟೇ ಬೇಕಿತ್ತು. ಮರುದಿನ ಎರಡಕ್ಕೆ ಇಳಿಯುವಾಗ ಒಂದು ಲೋಟ ಕಾಫಿ ತಂದು ನಿಮ್ಮ ಕುರ್ಚಿಯ ಪಕ್ಕ ಇಟ್ಟೆ. ನೀವು ಕುಡಿದಿರಿ. ಲೋಟ ತೊಳೆದಿಟ್ಟು ಹೋದಿರಿ. ಆ ವಾರ ನನ್ನ ಸ್ಕೂಟರು ದಿನವೂ ನೆರಳಿಗೆ ಸರಿದಿರುತ್ತಿತ್ತು.

ಧನುರ್ಮಾಸದಲ್ಲಿ ಸಂಡೂರಿಗೆ ಹೋದೆವಲ್ಲ, ನಿಮ್ಮ ದೊಡ್ಡಮ್ಮನ ಹದಿಮೂರನೇ ದಿನದ ಊಟಕ್ಕೆ, ನಂಟರ ಕಣ್ಣಿಗಾಗಿ ಇಬ್ಬರೂ ಒಂದೇ ಕಾರಿನಲ್ಲಿ. ಗೊಂಬಿ ಜೊತೆಯಲ್ಲಿ ಇರಲಿಲ್ಲವಾದ್ದರಿಂದ ಹೋಗುವಾಗಲೂ ಬರುವಾಗಲೂ ಒಂದು ಮಾತಿಲ್ಲ. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಏಳುತ್ತಿತ್ತು, ನಾನು ಕಿಟಕಿ ಏರಿಸುವ ಮೊದಲೇ ನೀವು ಏರಿಸಿದಿರಿ. ಮರುದಿನ ಗೊಂಬಿ ಹೇಳಿತು: 'ನಿಮ್ಮೊಡನೆ ಮಾಡಿದ ಪ್ರಯಾಣ ಸುಖಕರವಾಗಿತ್ತು ಎಂದು ಸಾಹೇಬರು ತಿಳಿಸಿದ್ದಾರೆ.'

ಫೆಬ್ರವರಿ ಇಪ್ಪತ್ತನೇ ತಾರೀಕು ಅದು ನಿಮ್ಮ ಕಡೆಯಿಂದ ಹೇಳಿದ್ದು ಇಷ್ಟು: 'ಹದಿನಾರರಂದು ನ್ಯಾಯಾಲಯಕ್ಕೆ ಹೋಗಲು ಸಾಹೇಬರಿಗೆ ಮನಸ್ಸಿಲ್ಲ. ನಿಮ್ಮ ಅಭಿಪ್ರಾಯ ಕೇಳಿದ್ದಾರೆ.' ಎರಡು ದಿನ ಬಿಟ್ಟು ನಾನೂ ಏನೋ ಒಂದು ಉತ್ತರ ಹೇಳಿದೆ. ಅದು ನಿಮ್ಮ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಗೊಂಬಿಯ ಕೈ ತಾಗಿರುವುದರಿಂದ ಆ ಮಾತಿಗೆ ನನ್ನನ್ನು ಕಟ್ಟಿಹಾಕಬೇಡಿ.

ಇನ್ನು ಮೊನ್ನೆ ಬುಧವಾರದ ಸಂಗತಿ. ನಾನು ಎರಡಕ್ಕೆ ಇಳಿದೆ. ನೀವು ಎದ್ದು ಹೋಗದೆ ಅಲ್ಲೇ ನಿಂತಿದ್ದಿರಿ. ನನ್ನ ಮುಖ ನೋಡಿ, 'ಇಲ್ಲಿ ನೋಡು' ಎಂದಿರಿ. ಮೂರು ವರ್ಷದ ಮೇಲೆ ಮೊದಲ ಮಾತು. ಅಷ್ಟರಲ್ಲಿ ಗೊಂಬಿ ನಮ್ಮಿಬ್ಬರ ನಡುವೆ ಉರುಳಿ ಬಂದು, 'ನೋಡುತ್ತಿದ್ದೇನೆ ಸರ್, ಹೇಳಿ' ಎಂದಿತು. ನೀವು ಬಾಯಿ ಮುಚ್ಚಿದಿರಿ. ಅದರ ಹಿಂದೆಯೇ ಗೆಸ್ಟುಗಳ ಆಟೊ ಬಂತು.

ಅದೇ ಸಂಜೆ ಗುಟ್ಟು ಬಯಲಾಯಿತು. ಇನ್ನೂರಾ ಐದರ ಹೆಂಗಸು ನಾಲ್ಕನೇ ಸಲ ಹೊಸ ಟವೆಲು ಕೇಳಿದ್ದಳು. ಎರ್ರೆಮ್ಮ ಸೊಂಟಕ್ಕೆ ಕೈಯಿಟ್ಟು ಗೊಂಬಿಗೆ ಹೇಳಿದಳು: 'ಆಕಿಗೆ ಹೇಳಲೇ, ಟವೆಲ್ಲೇನು ತಿಂತೀಯೇನವ್ವ? ಹೋಗುವಾಗ ಸೂಟ್‌ಕೇಸ್ ತೆಗೆದು ನೋಡ್ತೀನಿ ನಾನು!' ಗೊಂಬಿ ತಲೆಯಾಡಿಸಿ ಲಿಫ್ಟು ಹತ್ತಿತು. ಏನೋ ತರಲು ನಾನೂ ಮೇಲೆ ಹೋಗಿದ್ದೆ. ಅದು ಆ ಹೆಂಗಸಿಗೆ ಹಿಂದಿಯಲ್ಲಿ ಹೇಳಿದ್ದು ಕೇಳಿಸಿತು: ನಿಮಗೆ ಟವೆಲಿನ ಅಗತ್ಯ ಹೆಚ್ಚಿರುವುದು ನಮ್ಮ ಸಿಬ್ಬಂದಿಯ ಗಮನಕ್ಕೆ ಬಂದಿದೆ, ಹೊರಡುವಾಗ ನಿಮ್ಮ ಸಾಮಾನಿಗೆ ಅವರೇ ನೆರವಾಗುತ್ತಾರೆ. ಆ ಹೆಂಗಸು ಕೆಳಗೆ ಬಂದು ಎರ್ರೆಮ್ಮನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಎರ್ರೆಮ್ಮ ನನ್ನ ಕಡೆ ತಿರುಗಿ, 'ಬೈದ್ರ ಕೈ ಮುಗಿತಾರಲ್ರಿ ಅಮ್ಮಾರ, ಎಂಥಾ ಮಂದಿ ಇವ್ರು?' ಎಂದಳು.

ನಮ್ಮ ಮಾತುಗಳನ್ನೂ ಅದು ಹೀಗೇ ತಿದ್ದಿರಬಹುದೇ? ಗೊಂಬಿಯನ್ನು ಮಾರಿದ ಮಲ್ಲಿಕಾರ್ಜುನ್ ಅವರಿಗೆ ಫೋನು ಮಾಡಿದೆ. ಅವರಿಗೆ ಖುಷಿಯೋ ಖುಷಿ. 'ಅದು ಫೀಚರ್ರು ಮೇಡಂ! ಸೌಜನ್ಯ ಅಂತ ಸೆಟ್ಟಿಂಗ್ ಐತಿ. ಗೆಸ್ಟ್ ಬೈದದ್ದು ಸ್ಟಾಫಿಗೆ, ಸ್ಟಾಫ್ ಬೈದದ್ದು ಗೆಸ್ಟಿಗೆ ಹಂಗಂಗs ಹೋದ್ರ ಲಾಡ್ಜ್ ನಡಿತಾವೇನ್ರಿ? ಖಾರ ತೆಗೆದು ವಿಷಯ ಅಷ್ಟs ಮುಟ್ಟಿಸ್ತೈತಿ. ಭಾಳ ಮಸ್ತ್ ಐತಿ ಮೇಡಂ.' ಇದು ಸಾಹೇಬರಿಗೆ ಗೊತ್ತೇ ಎಂದು ಕೇಳಿದೆ. 'ಕೊಡುವಾಗ ಎಲ್ಲಾ ತೋರಿಸೀನ್ರಿ' ಎಂದರು. ಬೇಕಿದ್ದರೆ ಅದರ ದಾಖಲೆಯಲ್ಲಿ ನೋಡಿ, ಹೇಳಿದ್ದು ಎಡಕ್ಕೆ, ತಲುಪಿದ್ದು ಬಲಕ್ಕೆ ಇರುತ್ತದೆ ಎಂದರು.

ಗೆಸ್ಟುಗಳೆಲ್ಲ ಹೊರಗೆ ಹೋಗಿದ್ದರು. ಗೊಂಬಿಯ ಪರದೆ ತೆರೆದು ಓದಿದೆ. ಬೇರೆಯವರ ಪತ್ರ ಓದುವುದು ತಪ್ಪು ಎಂದು ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಟ್ಟಿದ್ದರು. ನನಗೇ ಬಂದ ಮಾತು ಬೇರೆಯವರ ಪತ್ರವೇ? ಆ ಪ್ರಶ್ನೆಯನ್ನು ಅವರು ಕಲಿಸಿರಲಿಲ್ಲ.

ಕಾರ್ತಿಕದ ಆ ದಿನದ ಎಡಗಡೆ ಹೀಗಿತ್ತು: 'ಆಕಿಗೆ ಹೇಳು, ಗೀಜರ್ ಹಚ್ಚಿ ಮರತs ಬಿಡ್ತಾಳ. ಅವರಪ್ಪನ ಮರೆವು ಪೂರಾ ಬಳುವಳಿ ಬಂದದ.'

ಅಷ್ಟೇ. ಅದನ್ನೇ ಗೊಂಬಿ ತಂದೆಯವರ ನೆನಪು ಮಾಡಿಬಿಟ್ಟಿತ್ತು. ಅದರ ಮೇಲೆ ನಾನು ಕಾಫಿ ಮಾಡಿದ್ದೆ.

ನಿಮಗೆ ಬಂದದ್ದನ್ನೂ ಹೇಳಬೇಕಲ್ಲ. ನೀವು ಬಿಪಿ ಮಾತ್ರೆ ನುಂಗುತ್ತಿಲ್ಲ ಎಂದು ಎರ್ರೆಮ್ಮ ಹೇಳಿದ ದಿನ ನಾನು ಗೊಂಬಿಗೆ ಹೇಳಿದ್ದು ಎಡಗಡೆ ಇದೆ: 'ಆ ಮನುಷ್ಯನಿಗೆ ಹೇಳು, ಬಿದ್ದು ಸಾಯುವುದಿದ್ದರೆ ಸಹಿ ಹಾಕಿ ಆಮೇಲೆ ಸಾಯಲಿ.' ನಿಮಗೆ ಮುಟ್ಟಿದ್ದು: 'ಸಹಿಯ ವಿಷಯ ಆಮೇಲೆ ನೋಡೋಣ, ಮೊದಲು ನಿಮ್ಮ ಆರೋಗ್ಯ ಎಂಬುದು ಅಮ್ಮನವರ ಕಳಕಳಿ.' ಆ ಸಂಜೆಯಿಂದ ನೀವು ಮಾತ್ರೆ ತೆಗೆದುಕೊಳ್ಳತೊಡಗಿದಿರಿ. ನಾನು ನಿಮಗೆ ಸಾಯಿ ಎಂದೆ, ನೀವು ಅದನ್ನು ಕೇಳಿ ಬದುಕಿದಿರಿ. ಓದುತ್ತ ಓದುತ್ತ ಎಡಗಡೆಯ ಹೆಂಗಸು ಯಾರು ಎಂದು ನನಗೇ ಹೆದರಿಕೆಯಾಯಿತು. ಬಲಗಡೆಯವಳು ಒಳ್ಳೆಯವಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚೂ ಆಯಿತು. ನೀವು ಸ್ಕೂಟರು ನೆರಳಿಗೆ ಸರಿಸಿದ್ದು ಅವಳಿಗಾಗಿ.

ಸಂಡೂರಿನದು ಮಾತ್ರ ಬಿಡಿಸಲಾಗುತ್ತಿಲ್ಲ. ಎಡಗಡೆ ನೀವು ಹೇಳಿದ್ದು: 'ಆಕಿ ಬಾಯಿ ಮುಚ್ಚಿ ಕೂತ್ರ ಹಾದಿ ಹೆಂಗ ಸಾಗ್ತದ ಗೊತ್ತs ಆಗಂಗಿಲ್ಲ.' ಇದು ಬೈಗುಳವೋ, ಏನು? ಬರೆದದ್ದನ್ನು ಓದಿದರೆ ಚುಚ್ಚುಮಾತು. ನೀವು ಅರ್ಧ ನಗುತ್ತ, ಕಿವಿಯ ಹಿಂದೆ ಕೆರೆದುಕೊಳ್ಳುತ್ತ ಹೇಳಿದ್ದರೆ ಬೇರೆ. ದನಿ ಕೇಳಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಗೊಂಬಿಯ ದಾಖಲೆಯಲ್ಲಿ ಅಕ್ಷರ ಇದೆ, ದನಿ ಇಲ್ಲ.

ಈಗ ನನ್ನ ಅನುಮಾನ ಬರೆಯುತ್ತೇನೆ. ಸೌಜನ್ಯದ ವಿಷಯ ನಿಮಗೆ ಮೊದಲೇ ಗೊತ್ತಿತ್ತೇ? ಎಲ್ಲಾ ತೋರಿಸಿದ್ದೇನೆ ಎನ್ನುತ್ತಾರೆ ಮಲ್ಲಿಕಾರ್ಜುನ್. ನಿಮಗೋ, ಯಾರಾದರೂ ಏನಾದರೂ ತೋರಿಸುವಾಗ ಹೂಂಗುಟ್ಟಿ ಬೇರೆ ಏನನ್ನೋ ಯೋಚಿಸುವ ಅಭ್ಯಾಸ. ಅದೂ ಗೊತ್ತು ನನಗೆ. ಆದರೆ ಗೊತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆಗ ಐದು ತಿಂಗಳಿಂದ ನೀವು ಮಾಡಿದ್ದೇನು? ಬೈಯುವ ಸುಖವೂ ನಿಮಗೇ, ಒಳ್ಳೆಯವರೆನಿಸಿಕೊಳ್ಳುವ ಸುಖವೂ ನಿಮಗೇ. ಮೂರನೇ ಮಹಡಿಯಲ್ಲಿ ಒಬ್ಬ ಮೂರ್ಖಳು ಕಣ್ಣೊರೆಸಿಕೊಂಡು ಕಾಫಿಪುಡಿ ಡಬ್ಬಿ ತೆಗೆಯುತ್ತಿದ್ದಾಳೆ ಎಂದು ತಿಳಿದೂ ಕುಡಿದಿರಾ? ಗೊತ್ತಿಲ್ಲದೆ ಇದ್ದರೆ ಅದೂ ಸಮಾಧಾನವಲ್ಲ. ಆಗ ನಾವಿಬ್ಬರೂ ಐದು ತಿಂಗಳು ಆ ಯಂತ್ರದೊಂದಿಗೆ ರಾಜಿ ಮಾಡಿಕೊಂಡೆವು, ನಾನೊಂದು ಕಡೆಯಿಂದ, ನೀವೊಂದು ಕಡೆಯಿಂದ. ನಮ್ಮ ಜಗಳ ಮಾತ್ರ ಇಟ್ಟ ಜಾಗದಲ್ಲೇ ಇದೆ.

ಇದನ್ನೆಲ್ಲ ಇಲ್ಲಿ ರಾಧಾಬಾಯಿ ಅತ್ತೆಗೆ ಹೇಳಿದೆ. ಅತ್ತೆಗೆ ಎಪ್ಪತ್ತಾರು. ಹೂಬತ್ತಿ ಹೊಸೆಯುತ್ತ ಕೇಳಿದರು. ನಡುವೆ ಒಮ್ಮೆ, 'ಅದಕ್ಕ ಕಾಲವ?' ಎಂದರು. ಚಕ್ರ ಇದೆ ಎಂದೆ. ಮುಗಿದ ಮೇಲೆ ನಕ್ಕರು. 'ನಾನೂ ನಿಮ್ಮ ಮಾಮಾನೂ ನಾಲ್ಕು ವರ್ಷ ಮಾತು ಬಿಟ್ಟಿದ್ವಿ, ಗೊತ್ತೇನು? ಅವರ ತಂಗಿ ಮದುವ್ಯಾಗ ನನ್ನ ಹೆಸರಿಗೆ ಸೀರಿ ಬರಲಿಲ್ಲಂತ. ಅದೋ ಅಲ್ಲಿ ಅಡಿಗಿಮನಿ ಕಂಬ ಅದ ಅಲ್ಲ, ಅದರ ಕೂಡ ಮಾತಾಡ್ತಿದ್ದೆ. ಏ ಕಂಬ, ಸಾರು ಕುದಿಲಿಕ್ಕತ್ತದ, ಬೇಕಾದವರು ಬಂದು ಉಣ್ಣಲಿ ಅಂತ ಹೇಳು. ಅವರು ಪಡಸಾಲ್ಯಾಗ ಕೂತು, ಏ ಕಂಬ, ಉಪ್ಪು ನೋಡಿ ಹಾಕಂತ ಹೇಳು ಅಂತಿದ್ರು.' ನಾವೂ ಅದನ್ನೇ ಮಾಡಿದೆವಲ್ಲ ಅತ್ತೆ ಎಂದೆ. ಅವರು ಬತ್ತಿ ಕೆಳಗಿಟ್ಟರು. 'ಇಲ್ಲs ಹುಚ್ಚಿ. ಕಂಬಕ್ಕ ಹೇಳೂದು ಅವರಿಗೆ ಕೇಳಲಿ ಅಂತ. ಅವರು ಅಲ್ಲೇ ಕೂತಿರ್ತಿದ್ರು. ನನ್ನ ಸಿಟ್ಟೂ ಕೇಳ್ತಿತ್ತು, ಗಂಟಲು ಕಟ್ಟಿದ್ದೂ ಕೇಳ್ತಿತ್ತು. ನೀವು ಕಂಬದ ಕಿವ್ಯಾಗ ಹೇಳಿ, ನೀನs ಹೋಗಿ ಹೇಳಿ ಬಾ ಅಂತ ಕಳಿಸೀರಿ. ಅದು ತನಗ ತಿಳಿದಂಗ ಹೇಳ್ತು. ಅದರದೇನು ತಪ್ಪು?'

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. 'ಮತ್ತ ಆ ಶ್ರೀಪತಿ ಬುಧವಾರ ಏನು ಹೇಳಲಿಕ್ಕೆ ಬಾಯಿ ತೆಗೆದಿದ್ದ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. 'ಕೇಳದ ಬಂದೇನು? ಮಾತು ಬಿಟ್ಟವರ ಬಾಯಿ ಒಮ್ಮೆ ತೆಗೆಯೂದs ಕಷ್ಟ. ತೆಗೆದಾಗ ಎದುರಿಗೆ ನಿಲ್ಲಬೇಕಮ್ಮ.' ನಾನು ಎದ್ದು ಹೊಳೆಯ ಕಡೆ ನಡೆದು ಬಂದೆ.

ಫೆಬ್ರವರಿ ಇಪ್ಪತ್ತರ ಸಾಲು ಉಳಿಯಿತು. ಕೋರ್ಟಿಗೆ ಹೋಗಲು ನಿಮಗೆ ಮನಸ್ಸಿಲ್ಲ ಎಂದು ಗೊಂಬಿ ಹೇಳಿತಲ್ಲ, ಅದರ ಎಡಗಡೆ ಏನಿದೆ? ನಾನು ನೋಡಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಪರದೆಯ ಎಡ ಅರ್ಧವನ್ನು ಅಂಗೈಯಿಂದ ಮುಚ್ಚಿದೆ. ಹಾಗೇ ಮುಚ್ಚಿಕೊಂಡೇ ಪರದೆ ಆರಿಸಿದೆ. ಅಲ್ಲಿ ಏನು ಬೇಕಾದರೂ ಇರಬಹುದು. 'ಆ ದಿನ ದೊಡ್ಡ ಗ್ರೂಪ್ ಬರ್ತದ, ನನಗ ಪುರುಸೊತ್ತಿಲ್ಲ, ಆಕಿ ಒಬ್ಬಾಕಿನs ಹೋಗಿ ಮುಗಿಸಿಕೊಂಡು ಬರ್ತಾಳೇನು ಕೇಳು' ಎಂದಿರಬಹುದು. ನಿಮ್ಮ ದನಿಯಲ್ಲಿ ಆ ಮಾತು ನನಗೆ ಎಷ್ಟು ಸಲೀಸಾಗಿ ಕೇಳಿಸುತ್ತದೆ ನೋಡಿ. ನಿಜವಾಗಿಯೂ ನೀವು ಹೋಗುವುದು ಬೇಡ ಎಂದಿರಲೂಬಹುದು. ಆ ದನಿ ಮಾತ್ರ ಎಷ್ಟು ಪ್ರಯತ್ನಿಸಿದರೂ ಕೇಳಿಸುತ್ತಿಲ್ಲ. ಕೇಳಿ ಮೂರು ವರ್ಷವಾಯಿತು.

ಆದ್ದರಿಂದ ನನ್ನ ಕೋರಿಕೆ ಇದು. ಹದಿನಾರರಂದು ಹತ್ತು ಗಂಟೆಗೆ ನಾನು ಕಂಪ್ಲಿಯಿಂದ ನೇರವಾಗಿ ಹೊಸಪೇಟೆ ಕೋರ್ಟಿಗೆ ಬರುತ್ತೇನೆ. ಗೇಟಿನ ಹೊರಗೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿರುತ್ತೇನೆ. ನೀವು ಬನ್ನಿ. ಫೋನು ಬೇಡ, ಎರ್ರೆಮ್ಮನೂ ಬೇಡ, ಪಾಪ. ಬಂದು ನನ್ನ ಮುಖ ನೋಡಿ, ಒಳಗೆ ಹೋಗಿ ಸಹಿ ಹಾಕೋಣ ಎನ್ನಿ, ಇಲ್ಲವೇ ಮನೆಗೆ ನಡಿ ಎನ್ನಿ. ಬೈದು ಹೇಳಿದರೂ ಸರಿ. ಎರಡರಲ್ಲಿ ಯಾವುದನ್ನು ಹೇಳಿದರೂ ನಾನು ವಾದ ಮಾಡುವುದಿಲ್ಲ. ನನ್ನ ಅಪ್ಪನ ಬಗ್ಗೆ ಕೂಡ, ಏನಾದರೂ ಇದ್ದರೆ, ಅಲ್ಲೇ ಹೇಳಿ. ಏನೂ ಇಲ್ಲದಿದ್ದರೆ ಇಲ್ಲ ಎನ್ನಿ. ಯಾರೋ ಕರುಣೆಯಿಂದ ತಿದ್ದಿಕೊಟ್ಟ ನೆನಪಿಗಿಂತ ಆ ಇಲ್ಲವೇ ಮೇಲು.

ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕುತ್ತೇನೆ. ಬುಧವಾರದ ಹೊತ್ತಿಗೆ ಸಿಗಬೇಕು. ಮಾತ್ರೆ ಬಿಡಬೇಡಿ. ಇದು ನಾನೇ ಹೇಳುತ್ತಿರುವುದು.

ನಿಮಗೆ ಏನಾಗಬೇಕೆಂದು ಇನ್ನೂ ಗೊತ್ತಾಗದ,
ಹರಿಪ್ರಿಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಮೇಲೆ ಇಷ್ಟೆಲ್ಲ ಅನುಮಾನ ಹೊರಿಸಿ ಒಂದು ಸುಳ್ಳನ್ನು ಹಾಗೇ ಕಳಿಸಲು ಕೈ ಬರಲಿಲ್ಲ. ಟವೆಲಿನ ಹೆಂಗಸು ಬಂದದ್ದು ಮೊನ್ನೆ ಬುಧವಾರ ಅಲ್ಲ, ಸಂಕ್ರಾಂತಿಯ ವಾರ. ಮಲ್ಲಿಕಾರ್ಜುನ್ ಅವರನ್ನು ಕೇಳಿದ್ದೂ, ದಾಖಲೆ ಓದಿದ್ದೂ ಆಗಲೇ. ಮೊನ್ನೆ ಬುಧವಾರ ಅದನ್ನು ಮತ್ತೆ ತೆರೆದದ್ದು ಫೆಬ್ರವರಿಯ ಸಾಲುಗಳಿಗಾಗಿ, ಅಂಗೈ ಅಡ್ಡ ಹಿಡಿದದ್ದು ಆಗ. ಏಳು ವಾರದಿಂದ ನನಗೆ ಎಲ್ಲ ಗೊತ್ತು. ಗೊತ್ತಿದ್ದೂ ಕೇಳುತ್ತಲೇ ಇದ್ದೆ, ಹಿತವಾಗಿತ್ತು. ಗೊತ್ತಿದ್ದೂ ಬೈಯುತ್ತಲೇ ಇದ್ದೆ, ಹೇಗೂ ಅದು ತಿದ್ದುತ್ತದೆ ಎಂದು. ಗುರುವಾರ ಓಡಿ ಬಂದದ್ದು ಸಿಟ್ಟಿನಿಂದಲ್ಲ. 'ಇಲ್ಲಿ ನೋಡು' ಎಂದಿರಲ್ಲ, ಆ ಮಾತನ್ನು ನೀವು ಪೂರ್ತಿ ಮಾಡಿಬಿಡುತ್ತೀರಿ ಎಂಬ ಭಯದಿಂದ. ಇನ್ನು ಫೆಬ್ರವರಿ ಇಪ್ಪತ್ತೆರಡಕ್ಕೆ ನಾನು ಕೊಟ್ಟ ಉತ್ತರ. ದಾಖಲೆ ತೆರೆದು ನೀವೇ ನೋಡಬಹುದು. 'ಕೋರ್ಟಿಗೆ ಹೋಗೋದು ಬೇಡ' ಎಂದು ಎಡಕ್ಕಿದೆ, ಬಲಕ್ಕೂ ಅದೇ ಇದೆ. ತಿದ್ದುವುದಕ್ಕೆ ಗೊಂಬಿಗೆ ಅದರಲ್ಲಿ ಏನೂ ಸಿಕ್ಕಿಲ್ಲ.